ಅಂಕೆಗೆ ಹೆಸರು, ಹೆಸರಿಗೆ ಮನೆತನ

ಗಣಕಯಂತ್ರವು ಅರಿಯುವುದು ಅಂಕೆಗಳನ್ನು ಮಾತ್ರ. ಅದಕ್ಕೆ ಆಜ್ಞೆಗಳನ್ನು ಬರೆಯುವ ಮನುಷ್ಯನಿಗಾದರೋ ಅಂಕೆಗಿಂತ ಹೆಸರು ಸುಲಭವಾಗಿ ನೆನಪಿರುತ್ತದೆ. ಈ ಎರಡನ್ನೂ ಹೊಂದಿಸಲು ಸಿ ಭಾಷೆಯಲ್ಲಿರುವ ಉಪಾಯಗಳನ್ನು ನಾವೀಗ ಪರಿಶೀಲಿಸೋಣ.

ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್ ನಮಗೆ ಒಳ್ಳೆಯ ಉದಾಹರಣೆ. ಸಾಧನವೊಂದು ಪ್ರೊಸೆಸರಿನ ಗಮನ ಬೇಡಿ ಕಳುಹಿಸುವ ಸಂಕೇತಕ್ಕೆ ಇಂಟರಪ್ಟ್ ಎಂದು ಹೆಸರು. ಒಂದೇ ತಂತಿಯನ್ನು ಹಲವು ಸಾಧನಗಳು ಹಂಚಿಕೊಂಡಿರಬಹುದು. ಆದುದರಿಂದ ಪ್ರತಿಯೊಂದರ ಡ್ರೈವರೂ ‘ಇದು ನನ್ನದಲ್ಲ’ ಎಂದಾದರೆ ೦, ‘ನಿರ್ವಹಿಸಿದೆ’ ಎಂದಾದರೆ ೧ ಎಂದು ಉತ್ತರ ಕೊಡಬೇಕು. ಒಂದು ಲಕ್ಷ ಸಂಕೇತಗಳಲ್ಲಿ ೯೯,೯೦೦ಕ್ಕಿಂತ ಹೆಚ್ಚಿನವನ್ನು ಯಾರೂ ತಮ್ಮದೆನ್ನದಿದ್ದರೆ ಕರ್ನೆಲ್ ಆ ತಂತಿಯನ್ನೇ ಮುಚ್ಚಿಬಿಡುತ್ತದೆ. ಉತ್ತರ ತಪ್ಪಿದರೆ ಸಾಧನವೇ ಮೂಕವಾದೀತು.

ಈ ಅಂಕೆಗಳಿಗೆ ಮೊದಲು ‘ಡಿಫೈನ್’ ಸೂಚನೆಯಿಂದ ಹೆಸರಿಡಲಾಗಿತ್ತು. ಅದು ಹೆಸರನ್ನು ಅಳಿಸಿ ಅಲ್ಲಿ ಅಂಕೆಯನ್ನು ಬರೆಯುತ್ತದೆ, ಅಷ್ಟೆ. ಕಂಪೈಲರ್ ಓದತೊಡಗುವ ಹೊತ್ತಿಗೆ ಹೆಸರು ಮಾಯವಾಗಿರುತ್ತದೆ. ಉಳಿದ ೧ ಎಂಬುದು ಉತ್ತರವೋ, ಎಣಿಕೆಯೋ, ದೋಷಸಂಖ್ಯೆಯೋ ಎಂದು ಅದು ಹೇಗೆ ತಿಳಿದೀತು?

೧೯೮೯ರ ಸಿ ಮಾನಕದಲ್ಲಿ ಸೇರಿದ ‘ಎನಮ್’ ಈ ಕೊರತೆಯನ್ನು ಬಹುಮಟ್ಟಿಗೆ ನೀಗುತ್ತದೆ. ಇದರಲ್ಲಿ ಸಂಬಂಧಪಟ್ಟ ಹೆಸರುಗಳೆಲ್ಲ ಒಂದೇ ಮನೆತನಕ್ಕೆ ಸೇರುತ್ತವೆ. ಕರ್ನೆಲ್ಲಿನ ಉತ್ತರಗಳೂ ಮುಂದೆ ಎನಮ್ ಆದವು. ೨೦೦೯ರಲ್ಲಿ ‘ಉಳಿದ ಕೆಲಸಕ್ಕೆ ಥ್ರೆಡ್ಡನ್ನು ಎಬ್ಬಿಸು’ ಎಂಬ ಮೂರನೆಯದು ೨ ಎಂಬ ಬೆಲೆಯೊಡನೆ ಬಳಕೆಗೆ ಬಂದಿತು. ಎನಮ್‌ನಿಂದ ಲಾಭಗಳು ಮೂರು. ಯಾವ ಉತ್ತರಗಳು ಸಲ್ಲುತ್ತವೆಂಬುದು ಘೋಷಣೆಯಿಂದಲೇ ತಿಳಿಯುತ್ತದೆ. ದೋಷ ಹುಡುಕುವಾಗ ಡಿಬಗರ್ ಅಂಕೆಯ ಬದಲು ಹೆಸರನ್ನೇ ತೋರಿಸುತ್ತದೆ. ‘ಸ್ವಿಚ್’ ಕವಲುಗಳಲ್ಲಿ ‘ಡಿಫಾಲ್ಟ್’ ಇಲ್ಲದೆ ಒಂದು ಹೆಸರು ಬಿಟ್ಟುಹೋದರೆ, ಕೇಳಿಕೊಂಡಲ್ಲಿ ಕಂಪೈಲರ್ ಎಚ್ಚರಿಸುತ್ತದೆ.

ಆದರೆ ಎನಮ್ ಸರ್ವರಕ್ಷಕವಲ್ಲ. ಪಟ್ಟಿಯಲ್ಲಿಲ್ಲದ ಅಂಕೆಯನ್ನು ತುಂಬಿದರೂ ಸಿ ಭಾಷೆ ಸಾಮಾನ್ಯವಾಗಿ ತಡೆಯದು. ಬೆಲೆಗಳನ್ನು ಬರೆಯದಿದ್ದರೆ ಅವು ೦, ೧, ೨ ಎಂದು ತಾವಾಗಿ ಏರುತ್ತವೆ; ನಡುವೆ ಹೊಸ ಹೆಸರು ಸೇರಿಸಿದರೆ ಮುಂದಿನವೆಲ್ಲ ಬದಲಾಗುತ್ತವೆ. ಆದುದರಿಂದ ಯಂತ್ರಾಂಶವೇ ನಿಗದಿಪಡಿಸಿದ ಬೆಲೆಗಳನ್ನು ಸ್ಪಷ್ಟವಾಗಿ ಬರೆಯತಕ್ಕದ್ದು. ಎನಮ್ ಎಷ್ಟು ಬೈಟುಗಳದೆಂಬುದನ್ನೂ ಕಂಪೈಲರೇ ನಿರ್ಧರಿಸುತ್ತಿತ್ತು. ೨೦೨೪ರಲ್ಲಿ ಪ್ರಕಟವಾದ ಮಾನಕ ಆ ಆಯ್ಕೆಯನ್ನು ಬರೆಯುವವನಿಗೂ ಕೊಟ್ಟಿದೆ.

ಯಂತ್ರಕ್ಕೆ ೧ ಎಂದರೆ ಎಲ್ಲೆಡೆಯೂ ೧ ಮಾತ್ರ. ಅದು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಬರೆಹದಲ್ಲಿಯೇ ಉಳಿಸುವುದು ನಮ್ಮ ಕೆಲಸ.