ಬೇಹದ್ ಅಂದರೆ ಹದ್ದಿಲ್ಲದ್ದು

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಕನ್ನಡದ ಮನೆಗಳಲ್ಲಿ ಮಗು ಅವ್ವನ ಹತ್ತಿರ ಕನ್ನಡ ಮಾತಾಡುತ್ತದೆ, ಶಾಲೆಯಲ್ಲಿ ತೆಲುಗು ಓದುತ್ತದೆ, ಸೀರಿಯಲ್ಲನ್ನು ಹಿಂದಿಯಲ್ಲಿ ನೋಡುತ್ತದೆ. ಹಾಗಾಗಿ ‘ಬೇಹದ್’ನಂಥ ಹಿಂದಿ ಸೀರಿಯಲ್ಲಿನ ಮೊದಲ ಕಂತಿನಲ್ಲಿ ಮಾತು ಅರ್ಧ ತಿಳಿಯುತ್ತದೆ, ಚಿತ್ರ ಪೂರ್ತಿ ಇಳಿಯುತ್ತದೆ.

‘ಬೇಹದ್’ ಸೋನಿ ಟಿವಿಯಲ್ಲಿ ಶುರುವಾದದ್ದು 2016ರ ಅಕ್ಟೋಬರ್ 11ರಂದು, ವಿಜಯದಶಮಿಯ ದಿನ. ನಟಿ ಜೆನಿಫರ್ ವಿಂಗೆಟ್ ಅಭಿನಯದ ಮಾಯಾ ಫ್ಯಾಷನ್ ಪತ್ರಿಕೆಯ ಒಡತಿ. ಫೋಟೋಗ್ರಾಫರ್ ಅರ್ಜುನ್ ತನಗೊಬ್ಬಳಿಗೇ ಬೇಕು ಅನ್ನುವ ಅವಳ ಹಟ ಅಪಾಯದವರೆಗೆ ಹೋಗುತ್ತದೆ. ಚಿಕ್ಕಂದಿನಲ್ಲಿ ಅಪ್ಪನಿಂದ ತಿಂದ ನೋವು ಅದರ ಬೇರು.

ಇಂಥ ಕಥೆಗಳಲ್ಲಿ ನನಗೆ ಮೊದಲ ಕಂತಿನದೇ ಚಿಂತೆ. ಹಟದ ಫಲ ಕಾಣಲು ನೂರಾರು ಕಂತು ಕಾಯಬೇಕು. ಮೊದಲ ದಿನ ಕಾಣುವುದು ದೊಡ್ಡ ಮನೆ, ಚಂದದ ಉಡುಪು, ಹಿನ್ನೆಲೆ ಸಂಗೀತ, ಕಣ್ಣು ಮಿಟುಕಿಸದ ನೋಟ. ಏಳೆಂಟು ವರ್ಷದೊಳಗಿನ ಮಗುವಿಗೆ ಇಂದಿನ ದೃಶ್ಯವನ್ನು ಮುಂದಿನ ಪರಿಣಾಮಕ್ಕೆ ಜೋಡಿಸುವುದು ಕಷ್ಟ. ಅಷ್ಟು ಸಣ್ಣವರಿಗೆ ತೋರಿಸಲೇ ಬೇಡಿ. ಮೊಬೈಲಿನಲ್ಲಿ ಸೀರಿಯಲ್ ತೋರಿಸುವ ಆ್ಯಪ್‌ಗಳಲ್ಲಿ 2021ರ ಐಟಿ ನಿಯಮದ ಪ್ರಕಾರ ಯು, ಯು/ಎ 7+, 13+, 16+, ಎ ಎಂಬ ಗುರುತು ಇರಬೇಕು. 13+ರಿಂದ ಮೇಲಿನದಕ್ಕೆ ಲಾಕ್ ಹಾಕುವ ಸೌಲಭ್ಯವೂ ಇರಬೇಕು. ಲಾಕ್ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಪಕ್ಕದ ಮನೆಯ ಟಿವಿಗೆ ನಿಮ್ಮ ಲಾಕ್ ಇಲ್ಲ.

ಹತ್ತು ಹನ್ನೆರಡರ ಮಗಳು ಕೇಳಬಹುದು: “ಅವ್ವಾ, ಆಕಿ ಅಷ್ಟ್ ಪ್ರೀತಿ ಮಾಡ್ತಾಳ, ಮತ್ತ ಅಂವ ಯಾಕ ಅಂಜ್ತಾನ?” ಆಗ ಟಿವಿ ಆರಿಸಿ ಗದರಿದರೆ ಪ್ರಶ್ನೆ ಅಲ್ಲೇ ಸತ್ತಿತು. ಸೀರಿಯಲ್ಲಿನ ಹೆಸರನ್ನೇ ಹಿಡಿಯಿರಿ. ಬೇಹದ್‌ನೊಳಗಿನ ಹದ್ದು ನಮ್ಮ ಹೊಲದ ಹದ್ದೇ, ‘ಹದ್ದುಮೀರಿದ’ ಅನ್ನುವಾಗಿನ ಹದ್ದೇ. ಬದು ಒತ್ತಿದ್ದಕ್ಕೆ ಆದ ಜಗಳ ಕಂಡ ಮಗುವಿಗೆ ಹದ್ದು ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಆ ಹದ್ದನ್ನೇ ಗೆಳೆತನಕ್ಕೆ ಹಚ್ಚಿ, “ನಿನ್ನ ಗೆಳತಿ ‘ನನ್ನ ಜೋಡಿ ಅಷ್ಟೇ ಆಡಬೇಕು, ಬ್ಯಾರೆಯವ್ರ ಜೋಡಿ ಮಾತಾಡಬ್ಯಾಡ’ ಅಂದ್ರ ನಿನಗ ಹೆಂಗ ಅನಸ್ತದ?” ಅಂತ ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ. ಎರಡು ದಿನ ಬಿಟ್ಟು, ನೀವು ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಬಂದು ಕೂತು, ಆ ಗೆಳತಿಯ ಹೆಸರು ಹೇಳಿಯಾಳು.