ನೋಟದಲ್ಲಿ ಮಿದುಳಿನ ಪಾಲು

ಕಣ್ಣು ಬರೀ ಕ್ಯಾಮೆರಾ ಎಂಬ ಮಾತಿಗೆ ಅಂಧಬಿಂದುವೇ ಉತ್ತರ. ದೃಷ್ಟಿನರ ರೆಟಿನಾವನ್ನು ಬಿಟ್ಟು ಹೊರಡುವ ಆ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲ. ಆದರೂ ನೋಟದಲ್ಲಿ ತೂತು ಕಾಣುವುದಿಲ್ಲ. ಇನ್ನೊಂದು ಕಣ್ಣು ಕೊರತೆ ತುಂಬುತ್ತದೆ ಎಂಬ ಆಕ್ಷೇಪ ಅರ್ಧ ಮಾತ್ರ ಸರಿ: ಒಂದು ಕಣ್ಣು ಮುಚ್ಚಿದರೂ ಸುತ್ತಲಿನ ಬಣ್ಣ, ಗೆರೆಗಳಿಂದ ಮಿದುಳು ಆ ಜಾಗವನ್ನು ತುಂಬಿಬಿಡುತ್ತದೆ. ಮೂಗಿನ ಕಡೆಯ ನರತಂತುಗಳಷ್ಟೇ ದಾರಿಯಲ್ಲಿ ಅಡ್ಡ ಹಾಯುವುದರಿಂದ ಎಡಬದಿಯ ದೃಶ್ಯ ಬಲ ಮಿದುಳಿಗೆ, ಬಲಬದಿಯದು ಎಡ ಮಿದುಳಿಗೆ, ಥಲಾಮಸ್ ಮೂಲಕ ಹಿಂಭಾಗದ ಆಕ್ಸಿಪಿಟಲ್ ಹಾಲೆಗೆ ತಲುಪುತ್ತದೆ. ಅಲ್ಲಿನ ಕೋಶಗಳು ಗೆರೆಗಳ ಓರೆಯನ್ನು ಗುರುತಿಸುತ್ತವೆಂದು ತೋರಿಸಿದ ಹ್ಯೂಬೆಲ್, ವೀಸೆಲ್ 1981ರ ನೊಬೆಲ್ ಹಂಚಿಕೊಂಡರು. ಎಳವೆಯಲ್ಲಿ ಒಂದು ಕಣ್ಣು ಮಂಕಾಗಿದ್ದರೆ ಮಿದುಳು ಅದನ್ನು ಕಡೆಗಣಿಸಲು ಕಲಿಯುತ್ತದೆ. ಶಾಲೆಗೆ ಸೇರಿಸುವ ಮೊದಲೇ ಮಕ್ಕಳ ಕಣ್ಣು ತೋರಿಸಿ.