ಒಂದೇ ಲ್ಯಾಪ್‌ಟಾಪಿನಲ್ಲಿ ಹಾಡೂ ಚಿತ್ರವೂ: ಕೊಯಮತ್ತೂರಿನ ವೇದಿಕೆಗೆ ಮೊದಲ ಪಾಠ

1905ರಲ್ಲಿ ಕೊಯಮತ್ತೂರಿನ ಸಾಮಿಕ್ಕಣ್ಣು ವಿನ್ಸೆಂಟ್ ಪ್ರೊಜೆಕ್ಟರ್ ಕೊಂಡು, ಟೆಂಟ್ ಹಾಕಿ ಊರೂರಿಗೆ ಸಿನಿಮಾ ತೋರಿಸಲು ಹೊರಟರು. 1914ರಲ್ಲಿ ಊರಿನಲ್ಲೇ ವೆರೈಟಿ ಹಾಲ್ ಕಟ್ಟಿಸಿದರು. ಮೂಕಿ ಚಿತ್ರಗಳ ಆ ಕಾಲದಲ್ಲಿ ವಾದ್ಯದವರು ಪರದೆಯ ಹತ್ತಿರ ಕೂತು, ಚಿತ್ರ ನೋಡುತ್ತಲೇ ನುಡಿಸಬೇಕಿತ್ತು. ಈಗ ದಸರೆಗೆ ಚೌಡೇಶ್ವರಿ ಅಮ್ಮನ ಗುಡಿಯ ಮುಂದೆ ದೇವಾಂಗದವರು ವೇದಿಕೆ ಕಟ್ಟಿದರೂ, ತಿರುಪ್ಪೂರಿನಲ್ಲಿ ಮದುವೆಯ ರಿಸೆಪ್ಷನ್ ನಡೆದರೂ, ಹಾಡು ಮತ್ತು ಎಲ್‌ಇಡಿ ವಾಲ್ ಎರಡೂ ಒಬ್ಬರ ಒಂದೇ ಲ್ಯಾಪ್‌ಟಾಪಿನ ಮೇಲೆ ಬೀಳುವುದುಂಟು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬೆಳೆದು, ಈ ಕೆಲಸಕ್ಕೆ ಹೊಸದಾಗಿ ಕೈಹಾಕುತ್ತಿರುವವರಿಗೆ ಈ ಬರಹ.

ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಳ್ಳಿ. ಚಿತ್ರದಲ್ಲಿ ಒಂದು ಫ್ರೇಮ್ ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ. ಹಾಡಿನ ನಡುವೆ ‘ಟಕ್’ ಎಂದರೆ ಕಡೆಯ ಸಾಲಿನವರೂ ತಲೆ ಎತ್ತುತ್ತಾರೆ. ಹಾಗಾಗಿ ಲ್ಯಾಪ್‌ಟಾಪಿನ ಶಕ್ತಿಯಲ್ಲಿ ಮೊದಲ ಪಾಲು ಹಾಡಿಗೆ, ಉಳಿದದ್ದು ಚಿತ್ರಕ್ಕೆ. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದಲ್ಲಿವೆ.

ಹಂತ 1: ಸಾಫ್ಟ್‌ವೇರ್

ಹಾಡಿಗೆ ಏಬಲ್ಟನ್ ಲೈವ್, ಚಿತ್ರಕ್ಕೆ ರೆಸೊಲ್ಯೂಮ್ ಅವೆನ್ಯೂ ಇಟ್ಟುಕೊಳ್ಳೋಣ. ಏಬಲ್ಟನ್‌ನ ಲೈಟ್ ಆವೃತ್ತಿ ಹಲವು ಮಿಡಿ ಕೀಬೋರ್ಡುಗಳ ಜೊತೆ ಉಚಿತವಾಗಿಯೇ ಬರುತ್ತದೆ. ರೆಸೊಲ್ಯೂಮನ್ನು ದುಡ್ಡು ಕೊಡದೆಯೂ ಕಲಿಯಬಹುದು. ಆಗ ಪರದೆಯ ಮೇಲೆ ಅದರ ಗುರುತು ಬೀಳುತ್ತದೆ. ವೇದಿಕೆಗೆ ಹತ್ತುವ ಮುನ್ನ ಲೈಸೆನ್ಸ್ ಕೊಳ್ಳಿ.

ಹಂತ 2: ಹಾಡಿನ ಬಫರ್

ಹಾಡನ್ನು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮೂಲಕವೇ ಮಿಕ್ಸರಿಗೆ ಕೊಡಿ, ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಬೇಡ. ವಿಂಡೋಸ್ ಆದರೆ ಇಂಟರ್‌ಫೇಸ್ ಜೊತೆ ಕೊಟ್ಟ ಆಸಿಯೋ ಡ್ರೈವರ್ ಹಾಕಿ, ಸ್ಯಾಂಪಲ್ ರೇಟನ್ನು 48000ಕ್ಕೆ ಇಡಿ. ಬಫರ್ (ಸದ್ದು ಹೊರಬಿಡುವ ಮುನ್ನ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಎಣಿಕೆ) 256 ಆದರೆ ತಡ ಸುಮಾರು 5 ಮಿಲಿಸೆಕೆಂಡ್, 1024 ಆದರೆ ಸುಮಾರು 21. ಕೀಬೋರ್ಡ್ ವಾದಕರ ಸದ್ದು ನಿಮ್ಮ ಲ್ಯಾಪ್‌ಟಾಪಿನಿಂದಲೇ ಬರಬೇಕಾದರೆ 256 ಬೇಕು. ಇಲ್ಲದಿದ್ದರೆ ಒತ್ತಿದ್ದಕ್ಕೂ ಕೇಳಿದ್ದಕ್ಕೂ ಅವರಿಗೆ ತಾಳೆ ಆಗುವುದಿಲ್ಲ. ಬರೀ ಟ್ರ್ಯಾಕ್ ಓಡಿಸುವುದಾದರೆ ಧೈರ್ಯವಾಗಿ 1024 ಇಡಿ. ಹಾಡು ಒತ್ತಿದ ಮೇಲೆ 21 ಮಿಲಿಸೆಕೆಂಡ್ ತಡವಾಗಿ ಶುರುವಾದರೆ ಯಾರಿಗೂ ಗೊತ್ತಾಗದು. ಚಿತ್ರದ ಸಾಫ್ಟ್‌ವೇರ್ ಒಮ್ಮೆ ಏದುಸಿರು ಬಿಟ್ಟರೂ ಹಾಡು ಕಡಿಯದು.

ಹಂತ 3: ವಾಲ್ ಅಳತೆ ಕೇಳಿ

ಹೊಸಬರು ಇದನ್ನೇ ಬಿಟ್ಟುಬಿಡುತ್ತಾರೆ. ಎಲ್‌ಇಡಿ ವಾಲ್‌ನವರಿಗೆ ಫೋನ್ ಮಾಡಿ, ‘ಎಷ್ಟು ಅಡಿ’ ಎಂದು ಮಾತ್ರ ಕೇಳದೆ ‘ಎಷ್ಟು ಪಿಕ್ಸೆಲ್’ ಎಂದೂ ಕೇಳಿ. ಪಿ3.9 ಎನ್ನುವ ಬಗೆಯಲ್ಲಿ 500 ಮಿಲಿಮೀಟರ್ ಚೌಕದ ಒಂದು ಪ್ಯಾನೆಲಿನಲ್ಲಿ 128 × 128 ಚುಕ್ಕಿಗಳಿರುತ್ತವೆ. 3 ಮೀಟರ್ ಅಗಲ, 2 ಮೀಟರ್ ಎತ್ತರದ ವಾಲ್ ಅಂದರೆ ಅಡ್ಡಕ್ಕೆ ಆರು, ಉದ್ದಕ್ಕೆ ನಾಲ್ಕು ಪ್ಯಾನೆಲ್: ಒಟ್ಟು 768 × 512. ಇದು ಫುಲ್ ಎಚ್‌ಡಿಯ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಸಣ್ಣ ವಾಲಿಗೆ 1920 × 1080 ಚಿತ್ರ ಅರೆಯುವುದು ದಂಡದ ಕೆಲಸ. ರೆಸೊಲ್ಯೂಮ್‌ನಲ್ಲಿ ಕಾಂಪೊಸಿಷನ್ ಅಳತೆಯನ್ನೇ 768 × 512 ಮಾಡಿ, ಆ ಅಳತೆಯ ಚಿತ್ರ ವಾಲಿನ ಪ್ರೊಸೆಸರಿನಲ್ಲಿ ಎಲ್ಲಿ ಕೂರಬೇಕೆಂದು ಅವರೊಂದಿಗೆ ಕೂತು ಹೊಂದಿಸಿ. ಹಳೆಯ ಲ್ಯಾಪ್‌ಟಾಪ್ ಕೂಡ ಹಗುರಾಗುತ್ತದೆ.

ಹಂತ 4: ವಿಡಿಯೋ ತಯಾರಿ

ಫೋನಿನಿಂದ ಬಂದ ಎಂಪಿ4 ಕಡತಗಳನ್ನು ಹಾಗೆಯೇ ಹಾಕಬೇಡಿ. ಅವು ಹೆಚ್ಚಾಗಿ ಎಚ್.264, ಅದರಲ್ಲಿ ಒಂದು ಫ್ರೇಮ್ ಅಕ್ಕಪಕ್ಕದ ಫ್ರೇಮುಗಳನ್ನು ನೆಚ್ಚಿಕೊಂಡಿರುತ್ತದೆ, ತಾಳಕ್ಕೆ ತಕ್ಕಂತೆ ಹಿಂದೆ ಮುಂದೆ ಹಾರಿಸಿದರೆ ಲ್ಯಾಪ್‌ಟಾಪಿನ ಪ್ರೊಸೆಸರ್ ತಿಣುಕುತ್ತದೆ. ರೆಸೊಲ್ಯೂಮ್‌ನವರದೇ ಉಚಿತ ತಂತ್ರಾಂಶ ಆಲಿಯಲ್ಲಿ ಡಿಎಕ್ಸ್‌ವಿಗೆ ಬದಲಿಸಿ. ಆಗ ಪ್ರತಿ ಫ್ರೇಮೂ ಸ್ವತಂತ್ರ, ಬಿಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು, ಪ್ರೊಸೆಸರ್ ಹಾಡಿಗೆ ಬಿಡುವಾಗಿರುತ್ತದೆ. ಕಡತ ಮಾತ್ರ ಬಹಳ ದೊಡ್ಡದಾಗುತ್ತದೆ, ಎಸ್‌ಎಸ್‌ಡಿಯಲ್ಲೇ ಇಡಿ. ವಿಡಿಯೋದ ಒಳಗಿನ ಸದ್ದನ್ನು ತೆಗೆದುಹಾಕಿ. ಹಾಡಿನ ಮೇಲೆ ಇನ್ನೊಂದು ಸದ್ದು ಬೀಳುವುದು ಅಲ್ಲಿಗೆ ತಪ್ಪಿತು.

ಹಂತ 5: ಎರಡನ್ನೂ ಕಟ್ಟುವುದು

ಎರಡು ಬಗೆಯ ಕಟ್ಟು ಬೇಕು. ಲಯಕ್ಕೆ ಏಬಲ್ಟನ್ ಲಿಂಕ್: ಎರಡರಲ್ಲೂ ಆನ್ ಮಾಡಿ, ಚಿತ್ರದ ಕ್ಲಿಪ್ಪುಗಳನ್ನು ಬಿಪಿಎಂ ಸಿಂಕ್‌ಗೆ ಇಡಿ. ಆದರೆ ಲಿಂಕ್ ವೇಗವನ್ನೂ ತಾಳದ ಸ್ಥಾನವನ್ನೂ ಹೇಳುತ್ತದೆಯೇ ಹೊರತು ಯಾವ ಹಾಡಿಗೆ ಯಾವ ಚಿತ್ರ ಎಂದು ಹೇಳದು. ಅದಕ್ಕೆ ಮಿಡಿ. ವಿಂಡೋಸ್‌ನಲ್ಲಿ ಲೂಪ್‌ಮಿಡಿ ಹಾಕಿ ಒಂದು ಪೋರ್ಟ್ ತೆರೆಯಿರಿ. ಮ್ಯಾಕ್‌ನಲ್ಲಿ ಐಎಸಿ ಡ್ರೈವರ್ ಒಳಗೇ ಇದೆ. ಏಬಲ್ಟನ್‌ನಲ್ಲಿ ಒಂದು ಮಿಡಿ ಟ್ರ್ಯಾಕಿನ ಔಟ್‌ಪುಟ್ ಆ ಪೋರ್ಟಿಗೆ ಕೊಟ್ಟು, ಪ್ರತಿ ಹಾಡಿನ ಮೊದಲಲ್ಲಿ ಬೇರೆ ಬೇರೆ ಸ್ವರ ಬರೆಯಿರಿ. ರೆಸೊಲ್ಯೂಮ್‌ನ ಮಿಡಿ ಶಾರ್ಟ್‌ಕಟ್ ತೆರೆದು, ಕ್ಲಿಪ್ ಒತ್ತಿ, ಆ ಸ್ವರ ಕಳಿಸಿದರೆ ಗಂಟು ಬಿದ್ದಂತೆ. ಅದೇ ಪೋರ್ಟನ್ನು ಏಬಲ್ಟನ್‌ನ ಇನ್‌ಪುಟ್ ಆಗಿ ಆನ್ ಮಾಡಬೇಡಿ. ಸ್ವರ ತನ್ನಲ್ಲೇ ಸುತ್ತುತ್ತದೆ.

ಹಂತ 6: ತಮಟೆ, ಜಮಾಪ್ ಬಂದಾಗ

ಊರಿನ ಹಬ್ಬ ಕಂಪ್ಯೂಟರಿನ ಗಡಿಯಾರ ಕೇಳುವುದಿಲ್ಲ. ಜಮಾಪ್ ಬಾರಿಸುವವರು ಒಮ್ಮೆ ಬಿಗಿ ಮಾಡುತ್ತಾರೆ, ಒಮ್ಮೆ ಸಡಿಲಿಸುತ್ತಾರೆ. ವಳ್ಳಿ ಕುಮ್ಮಿ ಕುಣಿತದಲ್ಲಿ ಹೆಜ್ಜೆ ಏರಿದಂತೆ ವೇಗ ಏರುತ್ತದೆ. ಆ ಕಲೆಯ ಹಿರಿಯರಾದ ಬದ್ರಪ್ಪನ್ ಅವರಿಗೆ 2024ರಲ್ಲಿ ಪದ್ಮಶ್ರೀ ಸಂದಿದೆ. ಅಂಥ ಕಲೆಯನ್ನು ಯಂತ್ರದ ಲಯಕ್ಕೆ ಬಗ್ಗಿಸಲು ಹೋಗಬಾರದು. ಯಂತ್ರವೇ ಬಗ್ಗಬೇಕು. ರೆಸೊಲ್ಯೂಮ್‌ನ ಟ್ಯಾಪ್ ಗುಂಡಿಯನ್ನು ಬೆರಳಿನಿಂದ ತಾಳಕ್ಕೆ ಸರಿಯಾಗಿ ನಾಲ್ಕೈದು ಸಲ ಒತ್ತಿ, ಚಿತ್ರ ಹಿಂಬಾಲಿಸುತ್ತದೆ. ಟ್ಯಾಪ್‌ಗೆ ಮುನ್ನ ಲಿಂಕ್ ಆಫ್ ಮಾಡಲೇಬೇಕು: ಲಿಂಕ್‌ನಲ್ಲಿ ಯಾರು ವೇಗ ಬದಲಿಸಿದರೂ ಎಲ್ಲರದೂ ಬದಲಾಗುತ್ತದೆ, ಓಡುತ್ತಿರುವ ಟ್ರ್ಯಾಕ್ ಕೂಡ.

ಇನ್ನು ವಿಜಯದಶಮಿಯ ಅಲಗು ಸೇವೆ. ಕೊಯಮತ್ತೂರಿನ ರಾಜಬೀದಿಯಲ್ಲಿ ಕತ್ತಿ ಹಿಡಿದವರು ಅಮ್ಮನನ್ನು ಕರೆಯುತ್ತ ಸಾಗುವಾಗ ಯಾವ ವಾಲಿನ ಮೇಲೂ ಮಿನುಗುವ ಚಿತ್ರ ಬೇಡವೆಂದೇ ನನ್ನ ಅಭಿಪ್ರಾಯ. ಅಮ್ಮನ ಒಂದು ಅಲುಗದ ಚಿತ್ರ ಸಾಕು.

ಹಂತ 7: ವೇದಿಕೆಯ ದಿನ

ವೈಫೈ, ಬ್ಲೂಟೂತ್ ಆಫ್. ವಿಂಡೋಸ್ ಅಪ್‌ಡೇಟ್ ತಡೆಹಿಡಿಯಿರಿ. ವೈಫೈ ಇಲ್ಲದೆ ಲಿಂಕ್ ನಡೆಯುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಂಡಿರಿ. ಗ್ರಾಫಿಕ್ಸ್ ಸೆಟಿಂಗಿನಲ್ಲಿ ರೆಸೊಲ್ಯೂಮ್‌ಗೆ ಹೈ ಪರ್ಫಾರ್ಮೆನ್ಸ್ ಕೊಡಿ. ಚಾರ್ಜರ್ ತೆಗೆದು ಓಡಿಸಬೇಡಿ, ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ನಿಧಾನವಾಗುತ್ತದೆ. ಉದ್ದದ ಎಚ್‌ಡಿಎಂಐ ಕೇಬಲ್ ನಂಬಬೇಡಿ; ವಾಲಿನ ಪ್ರೊಸೆಸರನ್ನೇ ನಿಮ್ಮ ಮೇಜಿಗೆ ತರಿಸಿ, ಅಲ್ಲಿಂದ ವಾಲಿಗೆ ನೆಟ್‌ವರ್ಕ್ ಕೇಬಲ್ ಹೋಗಲಿ. ಚಾರ್ಜರ್ ಹಾಕಿದೊಡನೆ ಸ್ಪೀಕರ್ ‘ಗುಂಯ್’ ಎಂದರೆ ಸೌಂಡಿನವರನ್ನು ಡಿಐ ಬಾಕ್ಸ್ ಕೇಳಿ, ಅದರ ಗ್ರೌಂಡ್ ಲಿಫ್ಟ್ ಒತ್ತಿ. ಚಾರ್ಜರಿನ ಅರ್ಥ್ ಪಿನ್ ಮುರಿಯುವ ಉಪಾಯ ಯಾರಾದರೂ ಹೇಳಿದರೆ ಒಪ್ಪಬೇಡಿ. ಜನರೇಟರ್ ಮೇಲೆ ನಡೆಯುವ ವೇದಿಕೆಯಲ್ಲಿ ಅದು ಪ್ರಾಣದ ಪ್ರಶ್ನೆ.

ಕೊನೆಗೆ, ಎಲ್ಲ ಹಾಡುಗಳನ್ನೂ ಒಂದು ಫೋನಿಗೆ ಹಾಕಿ, ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ಮಿಕ್ಸರಿನ ಬೇರೆ ಚಾನೆಲಿಗೆ ಸಿಕ್ಕಿಸಿ ಫೇಡರ್ ಇಳಿಸಿಡಿ. ಲ್ಯಾಪ್‌ಟಾಪ್ ನಿಂತರೆ ಫೇಡರ್ ಯಾರು ಏರಿಸಬೇಕು ಎಂಬುದನ್ನು ಸೌಂಡಿನವರ ಜೊತೆ ಮೊದಲೇ ಮಾತಾಡಿಕೊಂಡಿರಿ.